ಇಸ್ತ್ರಿ ಪ್ಯಾಂಟಿನ ನಿರುದ್ಯೋಗಿಗಳು

ಅಮೆರಿಕದಲ್ಲಿ ಕಾರ್ನ್ ಫೆರಿ ಟೂರ್ ಅಂತ ಒಂದು ಗಾಲ್ಫ್ ಟೂರ್ ಇದೆ, ಅಂದರೆ ಊರೂರು ಸುತ್ತಿ ಆಡುವ ಟೂರ್ನಿಗಳ ಸರಣಿ. ಅಲ್ಲಿನ ಅಗ್ರ ಗಾಲ್ಫ್ ಸರಣಿಯಾದ ಪಿಜಿಎ ಟೂರ್ ಎಂಬ ದೊಡ್ಡ ಮನೆಗೆ ಹೋಗಲು ಕಾಯುವವರು ಕೂರುವ ಜಗಲಿ ಇದು. ಕಾರ್ನ್ ಫೆರಿ ಎಂದರೆ ಮುಸುಕಿನ ಜೋಳವೂ ಅಲ್ಲ, ದೋಣಿಯೂ ಅಲ್ಲ. ಕಂಪನಿಗಳಿಗೆ ದೊಡ್ಡ ಸಾಹೇಬರನ್ನು ಹುಡುಕಿಕೊಡುವ ಸಂಸ್ಥೆ. ಕೆಲಸ ಹುಡುಕುವವರ ಟೂರ್‌ಗೆ ಕೆಲಸ ಕೊಡಿಸುವವರ ಹೆಸರು! ಇಷ್ಟು ಪ್ರಾಮಾಣಿಕ ಜಾಹೀರಾತನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಆದರೆ ಈ ಹೆಸರನ್ನು ಬಾಯಿಪಾಠ ಮಾಡಬೇಡಿ. ದುಡ್ಡು ಹಾಕುವ ಪ್ರಾಯೋಜಕರು ಬದಲಾದರೆ ಹೆಸರೂ ಬದಲು. 1990ರಲ್ಲಿ ಹುಟ್ಟಿದಾಗ ಇದು ಬೆನ್ ಹೋಗನ್ ಟೂರ್. ಆಮೇಲೆ ಬೂಟಿನವರು ಬಂದರು, ನೈಕಿ ಟೂರ್ ಆಯಿತು. ಆನ್‌ಲೈನ್ ಅಂಗಡಿಯವರು ಬಂದರು, ಬೈ.ಕಾಮ್ ಟೂರ್. ವಿಮೆಯವರು ಬಂದರು, ನೇಷನ್‌ವೈಡ್ ಟೂರ್. ವೆಬ್‌ಸೈಟ್ ಮಾಡಿಕೊಡುವವರು ಬಂದರು, ವೆಬ್.ಕಾಮ್ ಟೂರ್. ಮಗು ಒಂದೇ, ನಾಮಕರಣ ಆರು. 2019ರಲ್ಲಂತೂ ಸೀಸನ್ ನಡುವೆಯೇ ಬೋರ್ಡು ಬದಲಾಯಿತು. ಆ ವರ್ಷ ಸ್ಕಾಟಿ ಶೆಫ್ಲರ್ ಎರಡು ಟೂರ್ನಿ ಗೆದ್ದ. ಮೊದಲನೆಯದು ವೆಬ್.ಕಾಮ್ ಟೂರ್‌ನಲ್ಲಿ, ಎರಡನೆಯದು ಕಾರ್ನ್ ಫೆರಿ ಟೂರ್‌ನಲ್ಲಿ. ಹುಡುಗ ಇದ್ದಲ್ಲೇ ಇದ್ದ. ಮುಂದೆ ವಿಶ್ವದ ನಂಬರ್ ಒನ್ ಆದ. ಪುಣ್ಯಕ್ಕೆ ಅವನ ಹೆಸರಿಗೆ ಯಾರೂ ಕೈ ಹಾಕಲಿಲ್ಲ.

ಇಲ್ಲಿ ಸಂಬಳ ಅನ್ನೋದು ಇಲ್ಲ. ದೊಡ್ಡ ಟೂರ್ನಿಯಾದರೆ 156 ಜನ ಆಟ ಶುರು ಮಾಡುತ್ತಾರೆ. ಎರಡು ದಿನ ಕಳೆದ ಮೇಲೆ ಮೊದಲ 65 ಸ್ಥಾನದವರನ್ನು ಉಳಿಸಿಕೊಂಡು ಮಿಕ್ಕವರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಕಟ್ ಅಂತಾರೆ. ಕಟ್ ದಾಟದವನಿಗೆ ಬಿಡಿಗಾಸೂ ಇಲ್ಲ. ವಿಮಾನದ ಟಿಕೆಟ್ ಅವನದೇ, ಊಟ ಅವನದೇ. ಬ್ಯಾಗ್ ಹೊತ್ತ ಕ್ಯಾಡಿಗೆ ಮಾತ್ರ ವಾರದ ಕೂಲಿ ಕೊಡಲೇಬೇಕು. ಶುಕ್ರವಾರ ಸಂಜೆ ಪಾರ್ಕಿಂಗ್ ಜಾಗದಲ್ಲಿ ಧಣಿ ಬರಿಗೈ, ಆಳಿನ ಜೇಬಲ್ಲಿ ದುಡ್ಡು. ಲೋಕದಲ್ಲಿ ಇನ್ನೆಲ್ಲಾದರೂ ಹೀಗುಂಟೇ?

ರಾತ್ರಿ ಮಲಗೋದು ಎಲ್ಲಿ? ಹೋಟೆಲ್ ಖರ್ಚು ಉಳಿಸಲು ಎಷ್ಟೋ ಜನ ಆ ಊರಿನ ಯಾರದಾದರೂ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ಹಗಲಲ್ಲಿ ಇಸ್ತ್ರಿ ಪ್ಯಾಂಟು, ಬಿಳಿ ಬೂಟು, ಟೋಪಿಯ ಮೇಲೆ ಕಂಪನಿಯ ಮುದ್ರೆ. ರಾತ್ರಿ ಆ ಮನೆಯ ಮಗುವಿನ ಕೋಣೆ, ಗಿಡ್ಡ ಮಂಚ, ಹೊದಿಕೆಯ ಆಚೆಗೆ ಎರಡು ಕಾಲು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ನಮ್ಮವರು ಸುಮ್ನೆ ಹೇಳಲಿಲ್ಲ.

ಗೆದ್ದರೆ ದುಡ್ಡು ಉಂಟು. ಹತ್ತು ಲಕ್ಷ ಡಾಲರಿನ ಟೂರ್ನಿಯಲ್ಲಿ ಗೆದ್ದವನಿಗೆ 1,80,000. ಕಡಿಮೆಯೇನಲ್ಲ, ಅಲ್ವಾ? ಆದರೆ ದೊಡ್ಡ ಮನೆಯಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್ ಗೆದ್ದವನಿಗೆ 45 ಲಕ್ಷ ಡಾಲರ್. ಅಲ್ಲೂ ಅದೇ ಚೆಂಡು, ನಾಲ್ಕೂಕಾಲು ಇಂಚಿನ ಅದೇ ಗುಳಿ. ಬೆಲೆ ಮಾತ್ರ 25 ಪಟ್ಟು.

ಇನ್ನು ಸೀಸನ್ ಶುರುವಾಗುವುದು ಜನವರಿಯಲ್ಲಿ, ಬಹಾಮಾಸ್ ದ್ವೀಪಗಳಲ್ಲಿ. ಕೇಳಿದರೆ ಹನಿಮೂನ್ ಅನ್ನಿಸುತ್ತದೆ. 2017ರಲ್ಲಿ ಗ್ರೇಟ್ ಎಕ್ಸೂಮಾ ದ್ವೀಪದಲ್ಲಿ ಬೀಸಿದ ಗಾಳಿಗೆ ಇಂಗ್ಲೆಂಡಿನ ಗ್ರೆಗ್ ಈಸನ್ ಮೊದಲ ದಿನ 91, ಮರುದಿನ 95 ಹೊಡೆತ ಹೊಡೆದ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಎರಡು ದಿನಕ್ಕೆ ಕಳೆದುಕೊಂಡ ಚೆಂಡು 32. ವೃತ್ತಿಪರ ಆಟಗಾರ ಸ್ವಾಮಿ! ನಮ್ಮ ಬೀದಿ ಕ್ರಿಕೆಟ್ಟಿನಲ್ಲಿ ಪಕ್ಕದ ಕಾಂಪೌಂಡಿಗೆ ಒಂದು ಚೆಂಡು ಹೋದರೆ ಅವತ್ತಿನ ಆಟವೇ ಮುಗಿಯುತ್ತಿತ್ತು.

ಇಷ್ಟೆಲ್ಲ ಸಹಿಸಿ ಅಕ್ಟೋಬರ್ ತನಕ ಉಳಿದವರಲ್ಲಿ 2024ರಲ್ಲಿ ಅಂಕಪಟ್ಟಿಯ ಮೊದಲ 30 ಜನರಿಗೆ ದೊಡ್ಡ ಮನೆಯ ಕಾರ್ಡ್, ಅಂದರೆ ಅಲ್ಲಿ ಆಡುವ ಹಕ್ಕು, ಸಿಕ್ಕಿತು. ಜಾಗ ಜಾಸ್ತಿಯಾಯಿತು ಅನ್ನಿಸಿತೋ ಏನೋ, 2025ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಕೆಲಸ ಕೊಡಿಸುವವರ ಬೋರ್ಡಿನ ಕೆಳಗೇ ಹತ್ತು ಹುದ್ದೆ ಕಡಿತ. ಇಪ್ಪತ್ತೊಂದನೆಯವನು ಮತ್ತೆ ಜನವರಿಯಲ್ಲಿ ಬಹಾಮಾಸ್‌ಗೆ ಹೊರಡಬೇಕು. ಚೆಂಡು ಸ್ವಲ್ಪ ಜಾಸ್ತಿಯೇ ಇಟ್ಟುಕೊಂಡಿರಲಿ.