ಎಡಕ್ಕೆ ಅಂದ್ರೆ ಯಾರ ಎಡಕ್ಕೆ?

ಬಲಗೈಯ ಮೂರು ಬೆರಳಿನ ಗೆಣ್ಣು ಸುಲಿದಿವೆ. ಅಂಗಿಗೆ ಎರಡು ಸಲ ಸೋಪು ಹಚ್ಚಿದರೂ ಉಪ್ಪಿನಕಾಯಿ ವಾಸನೆ ಹೋಗಿಲ್ಲ. ಇಷ್ಟಕ್ಕೆಲ್ಲ ಕಾರಣ ಹೆಬ್ಬೆರಳು ಗಾತ್ರದ ಒಂದು ಬೋಲ್ಟ್.

ಅಪ್ಪನ ಹಳೆ ಬೈಕು ಮೂರು ವರ್ಷದಿಂದ ಅಂಗಳದಲ್ಲಿ ನಿಂತಿತ್ತು. ಮತ್ತೆ ಓಡಿಸೋಣ ಅಂತ ಹೊರಟೆ. ಮೊದಲು ಹಳೆ ಆಯಿಲ್ ತೆಗೆಯಬೇಕಲ್ಲ. ಇಂಜಿನ್ ಹೊಟ್ಟೆಯ ಕೆಳಗೆ ಡ್ರೇನ್ ಬೋಲ್ಟ್ ಇರುತ್ತದೆ ನೋಡಿ, 17 ನಂಬರ್ ಪಾನಾ ಹಾಕಿ ತಿರುಗಿಸಿದರೆ ಹತ್ತು ನಿಮಿಷದ ಕೆಲಸ. ಹಾಗಂತ ಮೊಬೈಲಿನ ವಿಡಿಯೋದಲ್ಲಿ ತೋರಿಸಿದ್ದರು. ಆ ವಿಡಿಯೋದವನ ಕೈಗೆ ಮಸಿ ಕೂಡ ಹತ್ತಿರಲಿಲ್ಲ.

ನಮ್ಮ ಬೋಲ್ಟ್ ಮಾತ್ರ ತುಕ್ಕು ಹಿಡಿದು ಕೂತಿತ್ತು. ವಿಜಯಪುರದಲ್ಲಿ ತುಕ್ಕು ಅಂದರೆ ಯಾರು ನಂಬಬೇಕು? ಮಳೆಗಾಗಿ ಮುಗಿಲು ನೋಡೋ ಊರು ಇದು. ನಮ್ಮ ಮುಲ್ಕ್ ಮೈದಾನ ತೋಪು 1549ರಲ್ಲಿ ಎರಕ ಹೊಯ್ದದ್ದು. ಬುರುಜಿನ ಮೇಲೆ ಬಿಸಿಲು ಮಳೆ ತಿನ್ನುತ್ತಾ ಕೂತರೂ ಗಟ್ಟಿಯಾಗಿದೆ. ಅದು ಕಂಚು, ತುಕ್ಕು ಹಿಡಿಯೋದಿಲ್ಲ, ಒಪ್ಪಿದೆ. ನಮ್ಮ ಬೋಲ್ಟ್ ಕಬ್ಬಿಣದ್ದು, ಅದು ಕೂತಿರೋ ಇಂಜಿನ್ ಅಲ್ಯೂಮಿನಿಯಂದು. ಇವೆರಡರ ನಡುವೆ ನೀರು ಹೊಕ್ಕರೆ ಬಿಳಿ ಪುಡಿ ಕಟ್ಟಿ ಥ್ರೆಡ್ ಗಪ್ಪಂತ ಹಿಡಿದುಕೊಳ್ಳುತ್ತದೆ. ಮಳೆ ಇಲ್ಲದ ಊರಲ್ಲಿ ನೀರು ಎಲ್ಲಿಂದ ಬಂತು? ಅವ್ವ ದಿನಾ ಮುಂಜಾನೆ ಅಂಗಳಕ್ಕೆ ಹೊಡೆಯೋ ಬೋರಿನ ಸವಳು ನೀರು. (ಅವ್ವನ ಮುಂದೆ ಇದನ್ನು ಹೇಳಿಲ್ಲ.)

ಮೊದಲ ಜಗ್ಗಿಗೆ ಪಾನಾ ಜಾರಿ ಗೆಣ್ಣು ಸುಲಿಯಿತು. ಎರಡನೆಯದಕ್ಕೆ ಬೋಲ್ಟಿನ ಮೂಲೆ ಸವೆದು ಗುಂಡಗಾಯಿತು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೋಲ್ಟ್ ಅದನ್ನೂ ಕುಡಿದು ಹಾಯಾಗಿ ಮಲಗಿತು.

ಮರುದಿನ ಪಕ್ಕದ ಮನೆ ಕಾಕಾ ಬಂದರು. ಯಾರು ಏನೇ ಬಿಚ್ಚುತ್ತಿದ್ದರೂ ಅಲ್ಲಿ ನಿಂತು ದಿಕ್ಕು ಹೇಳೋದು ಕಾಕಾನ ಚಟ. ನಲ್ಲಿ ಇರಲಿ, ಫ್ಯಾನ್ ಇರಲಿ, ತಾವು ಮಾತ್ರ ಕೈ ಹಚ್ಚೋದಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬರೀ ದಿಕ್ಕು.

"ತಮ್ಮಾ, ಎಡಕ್ಕ ತಿರುವು."

"ಎಡಕ್ಕೇ ತಿರುವಾಕತ್ತೀನ್ರಿ ಕಾಕಾ."

"ಅದು ಬಲಕ್ಕಾತು! ನನ್ನ ಕೈ ನೋಡಿಲ್ಲೆ."

ನಾನು ನೆಲದ ಮೇಲೆ ಅಂಗಾತ ಮಲಗಿ ಕೆಳಗಿನಿಂದ ನೋಡುತ್ತಿದ್ದೇನೆ. ಕಾಕಾ ಮೇಲೆ ನಿಂತು ಗಾಳಿಯಲ್ಲಿ ಪಾನಾ ತಿರುಗಿಸುತ್ತಿದ್ದಾರೆ. ಅವರ ಎಡ ನನಗೆ ಬಲ. ಇದು ನನಗೆ ಗೊತ್ತು. ಆದರೆ ಒಬ್ಬ ಮನುಷ್ಯ ಅಷ್ಟು ಗಟ್ಟಿ ದನಿಯಲ್ಲಿ ಇಪ್ಪತ್ತು ಸಲ ಹೇಳಿದರೆ ನಮ್ಮ ಕೈ ಮೇಲೆ ನಮಗೇ ಸಂಶಯ ಬರುತ್ತದೆ, ಅಲ್ವಾ? ಅರ್ಧ ಗಂಟೆ ನಾನು ಆ ಬೋಲ್ಟನ್ನು ಬಿಗಿ ಮಾಡಿದೆ.

ಕೊನೆಗೆ ವಾದ ಜೋರಾಯಿತು. ಕಾಕಾ ತಮ್ಮ ಮನೆ ಕಡೆ ಹೊರಳಿ ಕೂಗಿದರು. "ಏ, ಉಪ್ಪಿನಕಾಯಿ ಡಬ್ಬಿ ತಗೊಂಡ ಬಾ!" ಕಾಕಿ ನಾಷ್ಟಾಕ್ಕೆ ಅಂದುಕೊಂಡು ಎರಡು ರೊಟ್ಟಿನೂ ತಂದರು. ಕಾಕಾ ನನ್ನ ಮುಖದ ನೇರಕ್ಕೆ ಡಬ್ಬಿ ಬುಡಮೇಲು ಹಿಡಿದರು. "ಇದು ಇಂಜಿನ್. ಈ ಮುಚ್ಚಳ ನಿನ್ನ ಬೋಲ್ಟ್. ಈಗ ಎಡಕ್ಕ..." ತಿರುಗಿಸಿದರು. ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದರು. ಬರಲಿಲ್ಲ. "ಇದೂ ಜಾಮ್ ಆಗೇದ" ಅಂದರು.

"ಬಲಕ್ಕ ತಿರುವ್ರಿ ಕಾಕಾ," ಅಂದೆ. ಅಲ್ಲಿಂದ ಏಳದೆ ಹಾಗೆ ಅಂದದ್ದು ನನ್ನದೇ ತಪ್ಪು.

ತಿರುವಿದರು. ಎಣ್ಣೆ ಬಂತು. ಬೈಕಿನದಲ್ಲ.

ಕಣ್ಣು ತೊಳೆದು ಬಂದಾಗ ಕಟ್ಟೆ ಮೇಲಿದ್ದ ಅಪ್ಪ ಮೊದಲ ಸಲ ಬಾಯಿ ಬಿಟ್ಟರು. "ಅದನ್ನ ನಾನಽ ಬಿಗದೀನಿ. ಒಂದ ಹನಿ ಸೋರಬಾರದು ಅಂತ ಪಾನಾಕ್ಕ ಎರಡಡಿ ಪೈಪ್ ಹಾಕಿ ಬಿಗದಿದ್ದೆ." ದನಿಯಲ್ಲಿ ಅಭಿಮಾನ! ಎರಡು ದಿನದಿಂದ ನೋಡುತ್ತಾ ಕೂತು ಈಗ ಹೇಳುತ್ತಾರೆ.

"ಕೊಡ ಇತ್ತ" ಅಂತ ಪಾನಾ ತಗೊಂಡರು. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತರು. ಪಾನಾ ಬೋಲ್ಟಿಗೆ ಕೂಡ್ರಿಸುವಷ್ಟರಲ್ಲಿ ಕೈ ನಡುಗಿತು. ಇನ್ನೊಮ್ಮೆ ನೋಡಿದರು. ಆಮೇಲೆ ಪಾನಾವನ್ನು ಧೋತರದ ಅಂಚಿಗೆ ಒರೆಸಿ ನನ್ನ ಕೈಗೆ ಕೊಟ್ಟು ಎದ್ದರು. ಆಗ ಕಾಕಾ ಕೂಡ ಯಾವ ದಿಕ್ಕೂ ಹೇಳಲಿಲ್ಲ.

ಬೈಕನ್ನು ಬಿಸಿಲಲ್ಲಿ ನೂಕಿಕೊಂಡು ಮಿಸ್ತ್ರಿ ಹತ್ತಿರ ಹೋದೆ. ಆತ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟ. ಬೋಲ್ಟಿನ ಸುತ್ತ ಗ್ಯಾಸ್ ಬೆಂಕಿ ಆಡಿಸಿದ. ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಕಾದಾಗ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಗುಂಡಗಾದ ತಲೆಗೆ ಒಂದು ನಂಬರ್ ಸಣ್ಣ ಸಾಕೆಟ್ ಇಟ್ಟು ಸುತ್ತಿಗೆಯಿಂದ ಬಡಿದು ಕೂಡ್ರಿಸಿದ. ಆಮೇಲೆ ಕೂದಲೆಳೆಯಷ್ಟು ಬಿಗಿ ಮಾಡಿದ. ಹೌದು, ಬಿಗಿ. "ಮೊದಲ ಉಲ್ಟಾ ತಿರುವಿದ್ರ ತುಕ್ಕು ಒಡೀತದರಿ" ಅಂದ. ಮುಂದಿನ ಜಗ್ಗಿಗೆ ಟಕ್ ಅಂತ ಬಿಟ್ಟಿತು.

ಅಂದರೆ ಕಾಕಾ ಹೇಳಿದ ದಿಕ್ಕು ಅಷ್ಟೇನೂ ತಪ್ಪಲ್ಲ. ಇದನ್ನು ಕಾಕಾನಿಗೆ ಹೇಳಿಲ್ಲ. ಸಾಯೋವರೆಗೂ ಹೇಳೋದಿಲ್ಲ.

ಹೊಸ ಬೋಲ್ಟ್, ಹೊಸ ವಾಷರ್, ಹೊಸ ಆಯಿಲ್. "ಕೈ ಬಲದಷ್ಟೇ ಬಿಗೀರಿ, ಜಾಸ್ತಿ ಬ್ಯಾಡ" ಅಂತ ಮಿಸ್ತ್ರಿ ಎರಡು ಸಲ ಹೇಳಿ ಕಳಿಸಿದ. ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅವರು ಹ್ಞೂಂ ಅಂದರು.

ರಾತ್ರಿ ಊಟಕ್ಕೆ ಕರೆಯಲು ಹೊರಗೆ ಬಂದೆ. ಕಟ್ಟೆ ಮೇಲೆ ಅಪ್ಪ ಇರಲಿಲ್ಲ. ಬೈಕಿನ ಹತ್ತಿರ ಕಾಕಾ ಟಾರ್ಚ್ ಹಿಡಿದು ನಿಂತಿದ್ದರು. ಕೆಳಗೆ ಎರಡಡಿ ಪೈಪ್ ಮಿಂಚಿತು.

"ಬಲಕ್ಕ, ಬಲಕ್ಕ," ಅನ್ನುತ್ತಿದ್ದರು ಕಾಕಾ.