ಪೆಡಲ್ ಕೊಳ್ಳುವ ಮೊದಲು ಅರ್ಥಿಂಗ್ ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗರು ಎಲೆಕ್ಟ್ರಿಕ್ ಗಿಟಾರ್ ತಗೊಳ್ಳುವಾಗ ಮೊದಲು ಕೇಳುವುದು ಯಾವ ಕಂಪನಿ ಅಂತ, ಆಮೇಲೆ ಯಾವ ಡಿಸ್ಟಾರ್ಷನ್ ಪೆಡಲ್ (ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಅಂತ. ಅವೆರಡೂ ನಂತರದ ಮಾತು. ನಮ್ಮ ಕಡೆ ಗಿಟಾರ್ ಕೆಡಿಸುವುದು ಬೇಸಿಗೆಯ ಒಣಹವೆ ಮತ್ತು ಧೂಳು, ಪೆಡಲ್ ಸುಡುವುದು ತಪ್ಪು ಅಡಾಪ್ಟರ್, ನುಡಿಸುವವರ ಜೀವಕ್ಕೇ ಕುತ್ತು ತರುವುದು ಅರ್ಥಿಂಗ್ ಇಲ್ಲದ ಸ್ಟೇಜು. ಕೈಯಲ್ಲಿ 20,000 ರೂಪಾಯಿ ಇದ್ದರೆ ಅಷ್ಟನ್ನೂ ಗಿಟಾರಿಗೇ ಸುರಿಯಬೇಡಿ. ನಾಲ್ಕನೇ ಒಂದು ಪಾಲು ಸೆಟಪ್ (ನೆಕ್, ತಂತಿ ಸರಿಹೊಂದಿಸುವ ಕೆಲಸ), ಕೇಬಲ್, ಪವರ್ ಸಪ್ಲೈಗೆ ಎತ್ತಿಡಿ.

ಮೊದಲ ಗಿಟಾರಿಗೆ ಅಲುಗಾಡದ ಬ್ರಿಡ್ಜ್ (ತಂತಿಗಳ ಬುಡ ಕೂರುವ ಲೋಹದ ತುಂಡು) ಇರಲಿ. ಫ್ಲಾಯ್ಡ್ ರೋಸ್ ಥರದ ತೇಲುವ ಬ್ರಿಡ್ಜ್‌ನಲ್ಲಿ ತಂತಿಗಳ ಎಳೆತಕ್ಕೂ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ಸಮತೋಲ ಇರಬೇಕು. ಕಾರ್ಯಕ್ರಮದ ನಡುವೆ ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ. ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್‌ಗಳಲ್ಲಿ ಒಂದಾದರೂ ಹಂಬಕರ್ (ಎರಡು ಕಾಯಿಲಿನ ಪಿಕಪ್) ಆಗಿರಲಿ. ಪೆಂಡಾಲಿನ ಸೀರಿಯಲ್ ಸೆಟ್, ಟ್ಯೂಬ್‌ಲೈಟ್ ಚೋಕು, ಡಿಮ್ಮರು ಎಲ್ಲವೂ ಸಿಂಗಲ್ ಕಾಯಿಲ್‌ನಲ್ಲಿ ಗುಂಯ್ ಅನ್ನುತ್ತವೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಈ ತೊಂದರೆಯ ಪರಿಹಾರಕ್ಕೇ: ಎರಡು ಕಾಯಿಲ್‌ಗಳನ್ನೂ ಅವುಗಳ ಅಯಸ್ಕಾಂತ ಧ್ರುವಗಳನ್ನೂ ವಿರುದ್ಧವಾಗಿ ಜೋಡಿಸಿದರೆ ಕರೆಂಟಿನ ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ.

ಅಂಗಡಿಯಲ್ಲಿ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ (ಫ್ರೆಟ್ ಅಂದರೆ ಗಿಟಾರಿನ ಕತ್ತು, ಅಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ) ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. 7-8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಸುಮಾರು 0.25 ಮಿ.ಮೀ. ಸಂದು, ಅಂದರೆ ಒಂದು ವಿಸಿಟಿಂಗ್ ಕಾರ್ಡಿನಷ್ಟು, ಇರಬೇಕು. ನೆಕ್ಕಿನ ಅಂಚಿನುದ್ದಕ್ಕೂ ಅಂಗೈ ಸವರಿ; ಫ್ರೆಟ್ ತುದಿಗಳು ಚುಚ್ಚಿದರೆ ಮರ ಆಗಲೇ ಒಣಗಿ ಕುಗ್ಗಿದೆ. ಆಂಪ್‌ಗೆ (ಆಂಪ್ಲಿಫೈಯರ್) ಸೇರಿಸಿ ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನುಡಿಸಿ, ಜ್ಯಾಕ್ ಅಲುಗಾಡಿಸಿ, ನಾಬ್‌ಗಳನ್ನು ಪೂರ್ತಿ ತಿರುಗಿಸಿ. ಆನ್‌ಲೈನ್‌ನಲ್ಲಿ ತರಿಸಿದರೂ ವಾಪಸು ಕಳಿಸುವ ಅವಧಿಯೊಳಗೇ ಇದೆಲ್ಲ ಮುಗಿಸಿ.

ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಫ್ರೆಟ್‌ಬೋರ್ಡ್ ತೇವ ಕಳೆದುಕೊಂಡು ಕುಗ್ಗುತ್ತದೆ, ನೆಕ್ ಹಿಂದಕ್ಕೆ ಬಾಗುತ್ತದೆ, ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ಕರಕರ ಅನ್ನುತ್ತದೆ. ಮಳೆಗಾಲದಲ್ಲಿ ಇದರ ತದ್ವಿರುದ್ಧ: ತಂತಿ ಎತ್ತರವಾಗಿ ಬೆರಳು ನೋಯುತ್ತದೆ. ನೆಕ್ಕಿನೊಳಗಿನ ಲೋಹದ ಸರಳು ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಂದು ಕಡಿಮೆ, ಎದುರು ದಿಕ್ಕಿಗೆ ಹೆಚ್ಚು. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಇಂಚಿನ ನಟ್ಟಿಗೆ ಮಿಲಿಮೀಟರ್ ಅಲೆನ್ ಕೀ ಹಾಕಿ ಒತ್ತಿದರೆ ನಟ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ. ಆಮೇಲಿನ ರಿಪೇರಿಗೆ ಬಹಳ ರೊಕ್ಕ ಬೇಕು. ನೆಕ್ ಸರಿಯಾದ ಮೇಲೆ ತಂತಿಯ ಎತ್ತರ, ಅದಾದ ಮೇಲೆಯೇ ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಬರುವ ಹಾಗೆ ಹೊಂದಿಸುವುದು). ಹೊಸ ತಂತಿ ಹಾಕಿ, 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ತಾಗಿಸಿ ನುಡಿಸಿದ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರ ಏರಿದ್ದರೆ, ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲನ್ನು ನೆಕ್ಕಿನಿಂದ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ಏರ್ ಕೂಲರ್ ಎದುರಿಗೆ ಗಿಟಾರ್ ನಿಲ್ಲಿಸಬೇಡಿ. ಕೂಲರ್ ಓಡುವಾಗ ಒದ್ದೆ ಗಾಳಿ, ನಿಂತಾಗ ಒಣ ಗಾಳಿ. ಒಂದೇ ದಿನದಲ್ಲಿ ಈ ಏರಿಳಿತ ಕಂಡ ಮರಕ್ಕೆ ಬರೀ ಒಣಹವೆಗಿಂತ ಹೆಚ್ಚು ಪೆಟ್ಟು. ನುಡಿಸಿದ ಮೇಲೆ ಹತ್ತಿ ಬಟ್ಟೆಯಿಂದ ತಂತಿ ಒರೆಸಿ, ಕೇಸಿನೊಳಗೆ ಇಡಿ. ಸಂಡೂರು ಕಡೆಯ ಅದಿರಿನ ಕೆಂಧೂಳಾಗಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿಯಾಗಲಿ ನಾಬ್ ಒಳಗೆ ಇಳಿದರೆ ಕರಕರ ಶುರು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಹೊಡೆದು ನಾಬನ್ನು ಇಪ್ಪತ್ತು ಸಲ ಪೂರ್ತಿ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ರೋಸ್‌ವುಡ್ ಬೋರ್ಡಿಗೆ ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ; ಗಿಟಾರಿಗೆಂದೇ ಸಿಗುವ ಲೆಮನ್ ಆಯಿಲ್ ವರ್ಷಕ್ಕೆ ಒಂದೆರಡು ಸಲ ಸಾಕು. ವಾರ್ನಿಷ್ ಹಚ್ಚಿದ ಮೇಪಲ್‌ಗೆ ಅದೂ ಬೇಡ.

ಪೆಡಲ್‌ಗಳ ಮಾತಿಗೆ ಬಂದರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್. ಮನೆಯಲ್ಲಿರುವ ಕೀಬೋರ್ಡ್ ಅಡಾಪ್ಟರ್ ಅದೇ ತೂತಿಗೆ ಕೂತರೂ ಎಷ್ಟೋ ಸಲ ಅದು 12 ವೋಲ್ಟ್, ನಡುವೆ ಪ್ಲಸ್. ಅಡಾಪ್ಟರ್ ಮೇಲಿನ ಚಿತ್ರ ನೋಡದೆ ಚುಚ್ಚಬೇಡಿ. ಓವರ್‌ಡ್ರೈವ್ ಪೆಡಲ್‌ಗೆ ಹತ್ತಿಪ್ಪತ್ತು ಮಿಲಿಆಂಪ್ ಸಾಕಾದರೆ ಮಲ್ಟಿ ಎಫೆಕ್ಟ್ಸ್‌ಗೆ (ಹಲವು ಪೆಡಲ್‌ಗಳ ಕೆಲಸ ಒಂದರಲ್ಲೇ ಮಾಡುವ ಪೆಟ್ಟಿಗೆ) 500 ಬೇಕಾಗಬಹುದು. ಸಪ್ಲೈ ಹೆಚ್ಚು ಮಿಲಿಆಂಪ್‌ನದಾದರೆ ಹಾನಿಯಿಲ್ಲ, ವೋಲ್ಟೇಜ್ ಹೆಚ್ಚಾದರೆ ಹಾನಿ. ಬ್ಯಾಟರಿ ಹಾಕಿದ್ದರೆ, ನುಡಿಸದಾಗ ಇನ್‌ಪುಟ್ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿಯೇ ಇದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ರಸಮಂಜರಿಯಲ್ಲಿ, ಚರ್ಚಿನಲ್ಲಿ ಗಿಟಾರನ್ನು ನೇರ ಮಿಕ್ಸರ್‌ಗೆ ಚುಚ್ಚುವುದು ರೂಢಿಯಾಗಿದೆ. ಗಿಟಾರ್ ಪಿಕಪ್‌ಗೆ 1 ಮೆಗಾಓಮ್ ಹತ್ತಿರದ ಇನ್‌ಪುಟ್ ಬೇಕು, ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋಓಮ್ ಅಷ್ಟೇ. ಅದಕ್ಕೇ ಸದ್ದು ಮಂಕಾಗುತ್ತದೆ. ಡಿಸ್ಟಾರ್ಷನ್ ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ, ಏಕೆಂದರೆ ಆ ಕರ್ಕಶ ಕೀಚಲು ಸದ್ದನ್ನು ಕತ್ತರಿಸುತ್ತಿದ್ದ ಗಿಟಾರ್ ಸ್ಪೀಕರ್ ಇಲ್ಲಿ ಇಲ್ಲ. ಆದ್ದರಿಂದ ನಮ್ಮ ಕಡೆ ಸ್ಟೇಜಿನಲ್ಲಿ ನುಡಿಸುವವರಿಗೆ ಐದಾರು ಬಿಡಿ ಪೆಡಲ್‌ಗಿಂತ ಕ್ಯಾಬ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರಿನ ಸದ್ದನ್ನು ಅನುಕರಿಸುವ ಸೌಲಭ್ಯ) ಇರುವ ಒಂದು ಮಲ್ಟಿ ಎಫೆಕ್ಟ್ಸ್ ಮೇಲು ಅನ್ನುವುದು ನನ್ನ ವಾದ.

ಇನ್ನು ಸ್ಟೇಜಿನ ಕರೆಂಟು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ (ಸ್ವಿಚ್ ಮೋಡ್ ಪವರ್ ಸಪ್ಲೈ) ಇರುವ ಮಿಕ್ಸರ್, ಆಂಪ್‌ಗಳ ಲೋಹದ ಮೈಮೇಲೆ ಮೇನ್ಸ್‌ನ ಅರ್ಧದಷ್ಟು, ಸುಮಾರು 115 ವೋಲ್ಟ್ ತೇಲುತ್ತಿರಬಹುದು. ಗಿಟಾರಿನ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದಾಗ ಬರುವ ಜುಮ್ ಅದೇ. ಆಂಪಿನ ಒಳಗೆ ಇನ್ಸುಲೇಷನ್ ಕೆಟ್ಟು ಫೇಸ್ ನೇರ ಮೈಗೆ ಬಂದಿದ್ದರೆ ಅದು ಜುಮ್‌ನಲ್ಲಿ ಮುಗಿಯುವುದಿಲ್ಲ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ದಯವಿಟ್ಟು ತಡೆಯಿರಿ. ಜಾತ್ರೆಯಾಗಲಿ ಗಣೇಶನ ಪೆಂಡಾಲಾಗಲಿ, ಜನರೇಟರ್ ಇದ್ದರೆ ಅರ್ಥಿಂಗ್ ಗೂಟ ಹೊಡೆದಿದ್ದೀರಾ ಅಂತ ಕೇಳಿ. ಆಂಪ್, ಮಿಕ್ಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ತೆಗೆಸಿ. ಆಮೇಲೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜಿಗೆ ಇಟ್ಟು, ಕಡ್ಡಿಗಳ ಲೋಹದ ತುದಿಗೆ ಬೆರಳು ತಾಗದ ಹಾಗೆ, ಒಂದನ್ನು ಗಿಟಾರ್ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ತಾಗಿಸಿ. ಅರ್ಥಿಂಗ್ ಇದ್ದು, ಎರಡು-ಮೂರು ವೋಲ್ಟ್ ಒಳಗಿದ್ದರೆ ನುಡಿಸಿ. ಹತ್ತಾರು ವೋಲ್ಟ್ ತೋರಿಸಿದರೆ ಗಿಟಾರ್ ಕೆಳಗಿಟ್ಟು ಎಲೆಕ್ಟ್ರಿಷಿಯನ್‌ನ ಕರೆಸಿ, ಸಂಘಟಕರು ಎಷ್ಟೇ ಅವಸರ ಮಾಡಲಿ.