ಮರುಳಾಗುವವರು ಮತ್ತು ನಾವು

ಯಾವುದೇ ದೊಡ್ಡ ವಂಚನೆ ಬಯಲಾದ ಮರುದಿನ ವಂಚಕನ ಚಾಲಾಕಿತನಕ್ಕಿಂತ ವಂಚಿತರ ಪೆದ್ದುತನದ ಬಗ್ಗೆಯೇ ಹೆಚ್ಚು ಚರ್ಚೆ ನಡೆಯುತ್ತದೆ. ‘ಓದಿದವರಾಗಿ ಇಷ್ಟೂ ತಿಳಿಯಲಿಲ್ಲವೇ?’ ಎಂದು ಕೇಳುವವರ ದನಿಯಲ್ಲಿ ಮರುಕದ ಪಾಲು ಕಡಿಮೆ, ಸಮಾಧಾನದ ಪಾಲು ಹೆಚ್ಚು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಜಗತ್ತಿನಲ್ಲಿದ್ದಾರೆ, ಆದರೆ ಅವರು ನಾವಲ್ಲ ಎಂಬ ಸಮಾಧಾನ ಅದು. ಮನುಷ್ಯಕುಲವನ್ನು ಹೀಗೆ ಎರಡಾಗಿ ಸೀಳುವುದರಲ್ಲಿ ಒಂದೇ ಒಂದು ತೊಡಕಿದೆ. ಮೊದಲನೆಯ ಪಂಗಡಕ್ಕೆ ಹೆಸರು ನೋಂದಾಯಿಸಲು ಯಾರೂ ಮುಂದೆ ಬರುವುದಿಲ್ಲ. ವಿಚಾರಿಸಿದರೆ ಎಲ್ಲರೂ ಎರಡನೆಯ ಪಂಗಡದವರೇ, ಅದೂ ಹುಟ್ಟಿನಿಂದ.

ಈ ಎರಡನೆಯ ಪಂಗಡದ ಸದಸ್ಯತ್ವ ಪತ್ರವನ್ನು ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ಬಹಳ ಹಿಂದೆಯೇ ಬರೆದುಕೊಟ್ಟಿದ್ದಾರೆ. 1949ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 39 ವಿದ್ಯಾರ್ಥಿಗಳು ಒಂದು ಪರೀಕ್ಷೆ ಬರೆದರು, ಅದನ್ನು ಆಧರಿಸಿದ ತಮ್ಮ ಸ್ವಭಾವದ ವರ್ಣನೆಯನ್ನು ಪಡೆದರು, ಆ ವರ್ಣನೆ ಎಷ್ಟು ನಿಖರವಾಗಿದೆ ಎಂಬುದಕ್ಕೆ 5ರಲ್ಲಿ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು. ಎಲ್ಲರಿಗೂ ಕೊಟ್ಟಿದ್ದ ವರ್ಣನೆ ಒಂದೇ ಆಗಿತ್ತು, ಅದರ ಸಾಲುಗಳನ್ನು ಫೋರರ್ ಹೆಚ್ಚಾಗಿ ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡಿದ್ದರು. ಇಷ್ಟು ಸಂಗತಿ ಸಾಕಷ್ಟು ಜನರಿಗೆ ಗೊತ್ತಿದೆ. ಆದರೆ ಆ ಸಾಲುಗಳ ನಡುವೆ ಕುಳಿತಿದ್ದ ಒಂದು ಮಾತಿನ ಕಡೆಗೆ ಯಾರೂ ಹೆಚ್ಚು ಗಮನ ಕೊಡುವುದಿಲ್ಲ. ನೀವು ಸ್ವತಂತ್ರವಾಗಿ ಆಲೋಚಿಸುವವರು, ತಕ್ಕ ಪುರಾವೆಯಿಲ್ಲದೆ ಇತರರ ಮಾತನ್ನು ಒಪ್ಪುವವರಲ್ಲ ಎಂಬ ಅರ್ಥದ ಮಾತು ಅದು. ತಕ್ಕ ಪುರಾವೆಯಿಲ್ಲದೆ ಅದನ್ನು ಒಪ್ಪಿಕೊಂಡ ತರಗತಿ ಈಗಲೂ ವಿಸರ್ಜನೆಯಾಗಿಲ್ಲ ಎಂಬುದು ನನ್ನ ಗುಮಾನಿ.

ಬುದ್ಧಿ ಕಡಿಮೆಯಿದ್ದವರು ಬೇಸ್ತು ಬೀಳುತ್ತಾರೆ ಎಂಬ ಸಿದ್ಧಾಂತಕ್ಕೆ ಐಸಾಕ್ ನ್ಯೂಟನ್ ಅವರಿಂದ ತುಸು ಅಡಚಣೆಯಾಗಿದೆ. 1720ರಲ್ಲಿ ಸೌತ್ ಸೀ ಕಂಪನಿಯ ಷೇರಿನ ಬೆಲೆ ಉಬ್ಬುತ್ತಿದ್ದಾಗ ಅವರು ಮೊದಲು ಲಾಭಕ್ಕೆ ಮಾರಿ ಹೊರಬಂದರು, ಆಮೇಲೆ ಇತರರು ಇನ್ನೂ ಗಳಿಸುತ್ತಿರುವುದನ್ನು ನೋಡಲಾಗದೆ ಏರಿದ ಬೆಲೆಗೆ ಮತ್ತೆ ಕೊಂಡು ದೊಡ್ಡ ಮೊತ್ತವನ್ನು ಕಳೆದುಕೊಂಡರು. ಮೇಲೆ ಹೋದದ್ದು ಕೆಳಗೆ ಬರಲೇಬೇಕು ಎಂಬುದನ್ನು ಅವರಿಗೆ ವಿವರಿಸಿ ಹೇಳುವವರು ಯಾರಿದ್ದರು? ಪತ್ತೇದಾರ ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ, ವೃತ್ತಿಯಿಂದ ವೈದ್ಯರಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಅವರ ಪ್ರಕರಣ ಇನ್ನೂ ಸೊಗಸಾದುದು. ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಕಿನ್ನರಿಯರನ್ನು ಟೋಪಿಯ ಪಿನ್ನುಗಳಿಂದ ನಿಲ್ಲಿಸಿ ಫೋಟೊ ತೆಗೆದಿದ್ದರು. ಡಾಯ್ಲ್ ಅವರು ಆ ಚಿತ್ರಗಳನ್ನು ನಿಜವೆಂದು ನಂಬಿ 1920ರಲ್ಲಿ ಪತ್ರಿಕೆಯೊಂದರಲ್ಲಿ ಲೋಕಕ್ಕೆ ಸಾರಿದರು. ಸುಳ್ಳನ್ನು ಹುಡುಗಿಯರು ಒಪ್ಪಿಕೊಂಡದ್ದು 1983ರಲ್ಲಿ, ತಾವು ಅಜ್ಜಿಯರಾದ ಮೇಲೆ. ಅಷ್ಟು ದೊಡ್ಡ ಮನುಷ್ಯರು ನಂಬಿಬಿಟ್ಟ ಮೇಲೆ ನಿಜ ಹೇಳಿ ಅವರ ಮರ್ಯಾದೆ ಕಳೆಯುವುದು ಹೇಗೆ ಎಂಬ ಸಂಕೋಚ ಅವರನ್ನು ಕಾಡಿತ್ತಂತೆ. ಕಿನ್ನರಿಯರಿಗಿಂತ ಅಪರೂಪವಾದದ್ದು ಈ ಸೌಜನ್ಯ.

ಹಾಗಾದರೆ ಮರುಳಾಗುವಿಕೆಯ ಶಾಸ್ತ್ರವನ್ನೇ ಅಧ್ಯಯನ ಮಾಡಿದವರು ಸುರಕ್ಷಿತರೇ? ಸ್ಟೀಫನ್ ಗ್ರೀನ್‌ಸ್ಪ್ಯಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಜನ ಏಕೆ ಮೋಸಹೋಗುತ್ತಾರೆ ಎಂಬುದನ್ನು ಕುರಿತೇ ಒಂದು ಗ್ರಂಥ ರಚಿಸಿದರು. ಅದು ಹೊರಬಂದ 2008ರ ಕೊನೆಯ ಹೊತ್ತಿಗೇ ಲಾಭದ ಹೂಡಿಕೆಯ ಹೆಸರಿನಲ್ಲಿ ಜನರಿಗೆ ಟೋಪಿ ಹಾಕಿದ್ದ ಅಮೆರಿಕದ ಹಣಕಾಸು ವ್ಯವಹಾರಿ ಬರ್ನಾರ್ಡ್ ಮ್ಯಾಡಾಫ್‌ನ ಬಂಧನವಾಯಿತು. ಗ್ರೀನ್‌ಸ್ಪ್ಯಾನ್ ಅವರ ನಿವೃತ್ತಿಯ ಉಳಿತಾಯದ ಸುಮಾರು ಮೂರನೆಯ ಒಂದು ಭಾಗ ಮ್ಯಾಡಾಫ್‌ನ ಯೋಜನೆಯಲ್ಲೇ ಮುಳುಗಿಹೋಗಿತ್ತು. ಅವರು ಅದನ್ನು ಮುಚ್ಚಿಡದೆ ತಾವೇ ಬರೆದುಕೊಂಡರು. ಮೋಸಹೋಗುವುದಕ್ಕೆ ಸನ್ನಿವೇಶ, ತಿಳಿವಳಿಕೆ, ಸ್ವಭಾವ ಮತ್ತು ಭಾವನೆ ಎಂಬ ನಾಲ್ಕು ಕಾರಣಗಳು ಸೇರಬೇಕೆಂಬ ತಮ್ಮ ವಾದಕ್ಕೆ ತಮ್ಮನ್ನೇ ಉದಾಹರಣೆಯಾಗಿ ಒಡ್ಡಿದರು. ಬೇರೆ ಯಾವ ವಿದ್ವಾಂಸರೂ ತಮ್ಮ ಪ್ರಮೇಯಕ್ಕೆ ಇಷ್ಟು ದುಬಾರಿಯಾದ ಸಾಕ್ಷ್ಯ ಒದಗಿಸಿದ್ದು ನನಗೆ ತಿಳಿದಿಲ್ಲ.

ಇಲ್ಲಿ ವಂಚಕರ ಕುಶಲತೆಯನ್ನು ಮೆಚ್ಚದಿರಲಾಗದು. 1920ರಲ್ಲಿ ಚಾರ್ಲ್ಸ್ ಪೊಂಜಿ 45 ದಿನಗಳಲ್ಲಿ ಶೇ 50ರಷ್ಟು ಲಾಭ ಕೊಡುತ್ತೇನೆಂದು ಹೇಳಿ ಆಸೆಬುರುಕರನ್ನು ಸೆಳೆದ. ಮ್ಯಾಡಾಫ್ ಹಾಗೆ ಮಾಡಲಿಲ್ಲ. ನಾಸ್ಡಾಕ್ ಷೇರುಪೇಟೆಯ ಮಾಜಿ ಅಧ್ಯಕ್ಷನೆಂಬ ಗೌರವವನ್ನು ಹೊದ್ದು ಕುಳಿತಿದ್ದ ಆತ, ವರ್ಷ ವರ್ಷವೂ ಏರುಪೇರಿಲ್ಲದ ಮಿತವಾದ ಲಾಭವನ್ನು ತೋರಿಸುತ್ತ, ಕೆಲವೊಮ್ಮೆ ಹಣ ತಂದವರಿಗೆ ಜಾಗವಿಲ್ಲ ಎನ್ನುತ್ತ, ಪೊಂಜಿಯ ಗಿರಾಕಿಗಳನ್ನು ನೋಡಿ ನಗುವಂತಹ ಎಚ್ಚರಿಕೆಯ ಜನರನ್ನೇ ಹಿಡಿದ. ದುರಾಸೆಯವನಿಗೆ ದುರಾಸೆಯ ಗಾಳ, ಜಾಗರೂಕನಿಗೆ ಜಾಗರೂಕತೆಯದೇ ಗಾಳ. ನನಗೆ ತೋರುವಂತೆ, ಕೆಲವರು ಹೆಚ್ಚು ಮರುಳಾಗುತ್ತಾರೆ, ಕೆಲವರು ಕಡಿಮೆ ಎನ್ನುವಾಗ ನಾವು ಅಳೆಯುತ್ತಿರುವುದು ಬಹುಮಟ್ಟಿಗೆ ಅವರವರ ಅಳತೆಯ ಸುಳ್ಳು ಅವರವರ ಬಾಗಿಲಿಗೆ ಬಂದಿದೆಯೇ ಇಲ್ಲವೇ ಎಂಬುದನ್ನು ಮಾತ್ರ. ಒಂಟಿತನದಲ್ಲಿ, ಕಾಯಿಲೆಯಲ್ಲಿ, ಸಾಲದ ಅವಸರದಲ್ಲಿ ಇರುವವರ ಬಾಗಿಲನ್ನು ಅದು ಹೆಚ್ಚು ಸಲ ತಟ್ಟುತ್ತದೆ. ಯಾರನ್ನೂ ನಂಬದಿರುವುದೇ ಮದ್ದು ಎನ್ನುವವರ ವಾದವೂ ನಿಲ್ಲುವಂಥದ್ದಲ್ಲ. ಇತರರಲ್ಲಿ ವಿಶ್ವಾಸವಿಡುವವರು ಅವಿಶ್ವಾಸಿಗಳಿಗಿಂತ ಹೆಚ್ಚು ಮೋಸಹೋಗುವುದಿಲ್ಲ ಎಂದು ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1980ರಲ್ಲೇ ತೋರಿಸಿಕೊಟ್ಟಿದ್ದಾರೆ.

ಇನ್ನು ಆ ತಪ್ಪುತಪ್ಪಾದ ಮಿಂಚಂಚೆ. ಸತ್ತ ರಾಜಕುಮಾರನ ಕೋಟಿಗಟ್ಟಲೆ ಹಣವನ್ನು ನಿಮ್ಮ ಖಾತೆಗೆ ಹಾಕುತ್ತೇವೆ ಎಂಬ ಪತ್ರವನ್ನು ಓದಿ, ನಕ್ಕು, ಅಳಿಸಿದ ದಿನ ನಾವು ವಂಚಕನನ್ನು ಗೆದ್ದೆವೆಂದು ಬೀಗುತ್ತೇವೆ. ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಮಂಡಿಸಿದ ವಾದದ ಪ್ರಕಾರ ಆ ಪತ್ರ ಹಾಸ್ಯಾಸ್ಪದವಾಗಿರುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಅರ್ಧ ದಾರಿಯಲ್ಲಿ ಅನುಮಾನಪಟ್ಟು ಕೈಕೊಡುವವರ ಮೇಲೆ ಶ್ರಮ ವ್ಯರ್ಥವಾಗದಿರಲೆಂದು ಅಂಥವರನ್ನು ಹೊಸ್ತಿಲಲ್ಲೇ ಸೋಸಿಬಿಡುವ ಜರಡಿ ಅದು. ಅಂದರೆ ನಾವು ಪತ್ರವನ್ನು ತಿರಸ್ಕರಿಸಲಿಲ್ಲ, ಪತ್ರವೇ ನಮ್ಮ ಅರ್ಜಿಯನ್ನು ತಿರಸ್ಕರಿಸಿತು. ನಮ್ಮ ಯೋಗ್ಯತೆಗೆ ತಕ್ಕ ಪತ್ರವನ್ನು, ವ್ಯಾಕರಣ ಶುದ್ಧವಾಗಿ, ಬೇರೆ ಯಾರೋ ಸಿದ್ಧಪಡಿಸುತ್ತಿರಬೇಕು.

ನಗುವವರ ನಗುವಿಗೂ ಈ ವ್ಯಾಪಾರದಲ್ಲಿ ಬೆಲೆಯಿದೆ. 1925ರಲ್ಲಿ ವಿಕ್ಟರ್ ಲುಸ್ಟಿಗ್ ಎಂಬಾತ ಸರ್ಕಾರಿ ಅಧಿಕಾರಿಯ ವೇಷದಲ್ಲಿ ಐಫೆಲ್ ಗೋಪುರವನ್ನೇ ಗುಜರಿ ವ್ಯಾಪಾರಿಯೊಬ್ಬನಿಗೆ ಮಾರಿದನೆಂದೂ, ಟೋಪಿ ಹಾಕಿಸಿಕೊಂಡ ವ್ಯಾಪಾರಿ ಜನ ನಗುತ್ತಾರೆಂಬ ಭಯದಿಂದ ಪೊಲೀಸರ ಬಳಿ ಹೋಗಲಿಲ್ಲವೆಂದೂ, ಆ ಮೌನವನ್ನು ನೆಚ್ಚಿಕೊಂಡ ಲುಸ್ಟಿಗ್ ಅದೇ ಗೋಪುರವನ್ನು ಇನ್ನೊಮ್ಮೆ ಮಾರಲು ಬಂದನೆಂದೂ ಆತನ ವೃತ್ತಾಂತದಲ್ಲಿ ಹೇಳುತ್ತಾರೆ. ದೂರು ಕೊಡದಂತೆ ಆ ವ್ಯಾಪಾರಿಯ ಬಾಯಿ ಮುಚ್ಚಿಸಲು ಲುಸ್ಟಿಗ್ ಬಿಡಿಗಾಸನ್ನೂ ಖರ್ಚು ಮಾಡಬೇಕಾಗಲಿಲ್ಲ, ಆ ಕೆಲಸವನ್ನು ಊರವರ ನಾಲಿಗೆಯೇ ಪುಕ್ಕಟೆಯಾಗಿ ಮಾಡಿಕೊಟ್ಟಿತ್ತು. ‘ಇಷ್ಟೂ ತಿಳಿಯಲಿಲ್ಲವೇ?’ ಎಂದು ಕೇಳುವ ನಾವೆಲ್ಲರೂ ಅದೇ ಇಲಾಖೆಯ ಗೌರವ ನೌಕರರು. ಇಷ್ಟು ಕಾಲದ ನಿಷ್ಠಾವಂತ ಸೇವೆಗೆ ವಂಚಕರು ಲಾಭದಲ್ಲಿ ಒಂದಿಷ್ಟು ಕಮಿಷನ್ ಕೊಡುವುದು ನ್ಯಾಯವಾಗುತ್ತದೆ. ಯಾರಾದರೂ ಅಂಥದೊಂದು ಯೋಜನೆಯನ್ನು ಪ್ರಕಟಿಸಿ ಅಲ್ಪ ಮೊತ್ತದ ನೋಂದಣಿ ಶುಲ್ಕ ಕೇಳಿದರೆ, ಸರತಿಯ ಸಾಲು ಬಹಳ ಉದ್ದವಾಗಬಹುದು.